ಎಲೆಕ್ಟ್ರೋಲೈಟ್ ವರದಿ ಏರುಪೇರಾದಾಗ: ವಾರ್ಡಿನ ನರ್ಸ್‌ಗಳಿಗೆ ದೋಷ ಪತ್ತೆ ಕೈಪಿಡಿ

ಪೊಟ್ಯಾಸಿಯಂ 6.8. ಸೋಡಿಯಂ 118. ರಕ್ತದ ಲವಣಗಳ (ಎಲೆಕ್ಟ್ರೋಲೈಟ್) ಇಂಥದೊಂದು ಸಂಖ್ಯೆ ಲ್ಯಾಬಿನಿಂದ ಬಂದಾಗ ವಾರ್ಡಿನಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡು: ಡ್ಯೂಟಿ ಡಾಕ್ಟರಿಗೆ ಫೋನ್, ಆಮೇಲೆ ಅವರು ಹೇಳಿದ ಔಷಧಿ. ಈ ಎರಡರ ನಡುವೆ ಇನ್ನೊಂದು ಕೆಲಸವಿದೆ, ಅದು ನರ್ಸಿನದೇ. ಸಂಖ್ಯೆ ಯಾಕೆ ಕೆಟ್ಟಿತು ಎಂದು ಹುಡುಕುವುದು. ಏನು ಏರಿದೆ, ಏನು ಇಳಿದಿದೆ ಎಂದಷ್ಟೇ ಲ್ಯಾಬ್ ಹೇಳೀತು. ಯಾಕೆ ಎಂಬುದರ ಉತ್ತರ ಬಹುಪಾಲು ನಮ್ಮ ಕೈಯಲ್ಲೇ ಇರುತ್ತದೆ: ಇನ್‌ಟೇಕ್-ಔಟ್‌ಪುಟ್ ಚಾರ್ಟು, ಔಷಧಿ ಚಾರ್ಟು, ರೈಲ್ಸ್ ಟ್ಯೂಬಿನ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಗೆ) ಫೀಡ್ ಬರೆದ ಹಾಳೆ, ಬೆಳಗಿನ ತೂಕ, ಮಂಚದ ಪಕ್ಕದ ಲಾಕರ್ ಮೇಲೆ ಮನೆಯವರು ತಂದಿಟ್ಟ ಎಳನೀರು.

ಇದು ಆ ಹುಡುಕಾಟದ ದಾರಿ. ದೊಡ್ಡವರ ವಾರ್ಡನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಮಕ್ಕಳ ಲೆಕ್ಕವೇ ಬೇರೆ. ಔಷಧಿಯ ಪ್ರಮಾಣ ಹೇಳಿರುವ ಕಡೆ, ಅದು ಬಂದ ಆರ್ಡರನ್ನು ಅರ್ಥ ಮಾಡಿಕೊಂಡು ಪರಿಶೀಲಿಸುವುದಕ್ಕೆ. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಹೋಲಿಸಿ ನೋಡಲು: ಸೋಡಿಯಂ 135–145, ಪೊಟ್ಯಾಸಿಯಂ 3.5–5.0, ಎರಡೂ ಲೀಟರಿಗೆ ಮಿಲಿಮೋಲ್ ಲೆಕ್ಕ. ಒಟ್ಟು ಕ್ಯಾಲ್ಸಿಯಂ 8.5–10.5, ಫಾಸ್ಫೇಟ್ 2.5–4.5, ಮೆಗ್ನೀಸಿಯಂ ಸುಮಾರು 1.7–2.2, ಇವು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ.

ಮೊದಲು ಮಂಚದ ಹತ್ತಿರ ಹೋಗಿ

ವರದಿ ಕೈಯಲ್ಲಿ ಹಿಡಿದು ನರ್ಸಿಂಗ್ ಸ್ಟೇಷನ್ನಿನಲ್ಲೇ ನಿಂತು ಯೋಚಿಸಬೇಡಿ. ರೋಗಿ ಮಾತಾಡುತ್ತಿದ್ದಾರಾ, ಮಾತು ಸರಿಯಾಗಿದೆಯಾ, ನಾಡಿ ನಿಧಾನವಾಗಿದೆಯಾ ಅಥವಾ ತಪ್ಪುತ್ತಿದೆಯಾ, ಕಾಲಿಗೆ ಶಕ್ತಿ ಇದೆಯಾ, ಉಸಿರು ಹೇಗಿದೆ ಎಂದು ನೋಡಿ. ಫಿಟ್ಸ್, ಹೊಸದಾಗಿ ಶುರುವಾದ ಗೊಂದಲ, ಎಬ್ಬಿಸಿದರೂ ಏಳದ ನಿದ್ದೆ, ನಾಡಿ 50ಕ್ಕಿಂತ ಕಡಿಮೆ, ಕೈಕಾಲು ಎತ್ತಲಾಗದಷ್ಟು ನಿಶ್ಶಕ್ತಿ ಇವುಗಳಲ್ಲಿ ಒಂದಿದ್ದರೂ ಹುಡುಕಾಟ ಆಮೇಲೆ. ಡಾಕ್ಟರನ್ನು ಕರೆಸಿ, ಮಾನಿಟರ್ ಹಾಕಿ, ಕ್ಯಾನುಲಾ ಕೆಲಸ ಮಾಡುತ್ತಿದೆಯೇ ನೋಡಿ, ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಸಕ್ಕರೆ ಪರೀಕ್ಷೆ) ಮಾಡಿ. ಗೊಂದಲದಲ್ಲಿರುವ ರೋಗಿಯ ಸೋಡಿಯಂ ಕಡಿಮೆ ಬಂದಿದೆ ಎಂದಮಾತ್ರಕ್ಕೆ ಗೊಂದಲಕ್ಕೆ ಅದೇ ಕಾರಣ ಎಂದಲ್ಲ. ಸಕ್ಕರೆ 40ಕ್ಕೆ ಇಳಿದಿರಲೂಬಹುದು.

ಪೊಟ್ಯಾಸಿಯಂ 6 ದಾಟಿದ್ದರೆ ಅಥವಾ 3ಕ್ಕಿಂತ ಕೆಳಗಿದ್ದರೆ ಯಾರ ಮಾತಿಗೂ ಕಾಯದೆ ಇಸಿಜಿ ತೆಗೆಯಿರಿ. ಹೆಚ್ಚಾದಾಗ ಟಿ ಅಲೆ ಚೂಪಾಗಿ ಎತ್ತರಕ್ಕೆ ಏಳುತ್ತದೆ, ಪಿ ಅಲೆ ಚಪ್ಪಟೆಯಾಗುತ್ತದೆ, ಕ್ಯೂಆರ್‌ಎಸ್ ಅಗಲವಾಗುತ್ತಾ ಹೋಗುತ್ತದೆ. ಕಡಿಮೆಯಾದಾಗ ಟಿ ಅಲೆ ತಗ್ಗಿ ಅದರ ಹಿಂದೆ ಯು ಅಲೆ ಕಾಣುತ್ತದೆ. ಇಸಿಜಿ ಸರಿಯಿದೆ ಎಂದು ನಿರಾಳವಾಗುವಂತಿಲ್ಲ. ಪೊಟ್ಯಾಸಿಯಂ 7 ಇದ್ದೂ ಇಸಿಜಿ ಸುಮ್ಮನಿರುವ ರೋಗಿಗಳಿದ್ದಾರೆ. ಕೆಟ್ಟ ಇಸಿಜಿ ಅವಸರ ಮಾಡಿ ಎನ್ನುತ್ತದೆ. ಒಳ್ಳೆಯ ಇಸಿಜಿ ಏನನ್ನೂ ಖಾತ್ರಿ ಮಾಡುವುದಿಲ್ಲ.

ಸಂಖ್ಯೆಯೇ ಸುಳ್ಳಿರಬಹುದೇ?

ದೇಹದ ಪೊಟ್ಯಾಸಿಯಂನಲ್ಲಿ ಸುಮಾರು ಶೇ. 98ರಷ್ಟು ಜೀವಕೋಶಗಳ ಒಳಗಿರುತ್ತದೆ. ಹೊರಗಿರುವ ಶೇ. 2ರ ಒಂದು ಪಾಲನ್ನಷ್ಟೇ ಲ್ಯಾಬ್ ಅಳೆಯುತ್ತದೆ. ಹಾಗಾಗಿ ಟ್ಯೂಬಿನಲ್ಲಿ ಸ್ವಲ್ಪ ಕೆಂಪು ರಕ್ತಕಣ ಒಡೆದರೂ ಸಂಖ್ಯೆ ಜಿಗಿಯುತ್ತದೆ. ರಕ್ತ ತೆಗೆದವರು ನೀವೋ ನಿಮ್ಮ ಸಹೋದ್ಯೋಗಿಯೋ ಆಗಿರುತ್ತೀರಿ. ಹೇಗೆ ತೆಗೆದರು ಎಂಬುದು ಲ್ಯಾಬಿಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಆದ್ದರಿಂದ ಈ ಪ್ರಶ್ನೆಗಳನ್ನು ಕೇಳಬೇಕಾದವರು ನಾವೇ.

ಟೂರ್ನಿಕೆಟ್ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿತ್ತಾ? ನರ ಸಿಗದೆ «ಮುಷ್ಟಿ ಬಿಗಿ ಮಾಡಿ, ಬಿಡಿ, ಮತ್ತೆ ಬಿಗಿ ಮಾಡಿ» ಎಂದಿರಾ? ಮುಷ್ಟಿ ಬಿಗಿಯುವುದೊಂದರಿಂದಲೇ ಪೊಟ್ಯಾಸಿಯಂ 1 ಮಿಲಿಮೋಲ್ ತನಕ ಏರಿಬಿಡಬಹುದು. ತೆಳು ಸೂಜಿಯಲ್ಲಿ ಸಿರಿಂಜನ್ನು ಜೋರಾಗಿ ಎಳೆದಿರಾ, ಟ್ಯೂಬಿನ ರಬ್ಬರಿಗೆ ಚುಚ್ಚಿ ಪ್ಲಂಜರ್ ಒತ್ತಿದಿರಾ, ಟ್ಯೂಬನ್ನು ಮೆಲ್ಲಗೆ ತಿರುಗಿಸುವ ಬದಲು ಅಲ್ಲಾಡಿಸಿದಿರಾ? ಇವೆಲ್ಲ ಕಣ ಒಡೆಯುವ ದಾರಿಗಳು. ವರದಿಯ ಕೆಳಗೆ ಹಿಮೋಲೈಸ್ಡ್ (ಕಣ ಒಡೆದಿದೆ) ಎಂದು ಬರೆದಿದ್ದಾರೆಯೇ ನೋಡಿ. ಅದೇ ರಕ್ತವನ್ನು ಎಬಿಜಿ (ರಕ್ತದ ಅನಿಲ ಅಳೆಯುವ) ಯಂತ್ರದಲ್ಲಿ ಹಾಕಿದ್ದರೆ ಆ ಎಚ್ಚರಿಕೆ ಬರುವುದಿಲ್ಲ. ಆ ಯಂತ್ರ ಇಡೀ ರಕ್ತವನ್ನೇ ಅಳೆಯುವುದರಿಂದ ಕಣ ಒಡೆದದ್ದು ಕಾಣುವುದಿಲ್ಲ.

ಪೊಟ್ಯಾಸಿಯಂ ತುಂಬಾ ಹೆಚ್ಚು, ಜೊತೆಗೆ ಕ್ಯಾಲ್ಸಿಯಂ ಕಾರಣವಿಲ್ಲದೆ ತುಂಬಾ ಕಡಿಮೆ, ಆಲ್ಕಲೈನ್ ಫಾಸ್ಫಟೇಸ್ ಕೂಡ ಕಡಿಮೆ: ಈ ಮೂರು ಒಟ್ಟಿಗೆ ಕಂಡರೆ ನೇರಳೆ ಮುಚ್ಚಳದ ಟ್ಯೂಬನ್ನು ನೆನಪಿಸಿಕೊಳ್ಳಿ. ಅದರೊಳಗಿನ ಇಡಿಟಿಎ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡೇ ರಕ್ತ ಹೆಪ್ಪುಗಟ್ಟದಂತೆ ಮಾಡುವುದು. ನೇರಳೆ ಟ್ಯೂಬನ್ನು ಮೊದಲು ತುಂಬಿ ಅದೇ ಸೂಜಿಯಲ್ಲಿ ಕೆಂಪು ಅಥವಾ ಹಳದಿ ಟ್ಯೂಬ್ ತುಂಬಿದರೂ ಸಾಕು, ನೇರಳೆಯದು ಹೆಚ್ಚಾಯಿತೆಂದು ಇನ್ನೊಂದಕ್ಕೆ ಸುರಿದರಂತೂ ಕೇಳುವುದೇ ಬೇಡ. ಮೊದಲು ಕೆಂಪು ಅಥವಾ ಹಳದಿ, ಆಮೇಲೆ ನೇರಳೆ, ಕೊನೆಗೆ ಬೂದು.

ಡ್ರಿಪ್ ಹೋಗುತ್ತಿದ್ದ ಕೈಯಿಂದಲೇ ತೆಗೆದಿದ್ದರೆ ಬಾಟಲಿಯಲ್ಲಿ ಏನಿತ್ತೋ ವರದಿಯಲ್ಲೂ ಅದೇ ಬರುತ್ತದೆ. 5% ಡೆಕ್ಸ್‌ಟ್ರೋಸ್ ಹೋಗುತ್ತಿದ್ದರೆ ಸಕ್ಕರೆ ಆಕಾಶಕ್ಕೇರಿ ಸೋಡಿಯಂ, ಪೊಟ್ಯಾಸಿಯಂ ಎರಡೂ ಇಳಿದಿರುತ್ತವೆ. ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಹೋಗುತ್ತಿದ್ದರೆ ಪೊಟ್ಯಾಸಿಯಂ ಮಾತ್ರ ಹೆಚ್ಚು. ಸ್ಯಾಂಪಲ್ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿತ್ತಾ ಎಂದೂ ಕೇಳಿ. ತಣ್ಣಗಾದ ಕಣಗಳಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪು ನಿಂತು, ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ದೂರದ ಆರೋಗ್ಯ ಕೇಂದ್ರದಿಂದ ಬೆಳಗಿನ ಬಸ್ಸಿಗೆ ಸ್ಯಾಂಪಲ್ ಕಳಿಸುವ ಕಡೆ ಇದು ಮುಖ್ಯ.

ಅನುಮಾನ ಬಂದರೆ ಇನ್ನೊಂದು ಕೈಯಿಂದ, ಟೂರ್ನಿಕೆಟ್ ಸಡಿಲಿಸಿ, ಮುಷ್ಟಿ ಬಿಗಿಸದೆ ಮತ್ತೆ ತೆಗೆದು ತಕ್ಷಣ ಕಳಿಸಿ. ಒಂದೇ ಒಂದು ಎಚ್ಚರ: ಕಿಡ್ನಿ ಸೋತವರಲ್ಲಿ, ಡಯಾಲಿಸಿಸ್ ತಪ್ಪಿಸಿಕೊಂಡವರಲ್ಲಿ, ಇಸಿಜಿ ಬದಲಾದವರಲ್ಲಿ «ಸ್ಯಾಂಪಲ್ ಸರಿಯಿಲ್ಲ, ರಿಪೀಟ್ ಬರಲಿ» ಎಂದು ಕಾಯಬಾರದು. ಅಲ್ಲಿ ರಿಪೀಟ್ ಮತ್ತು ಚಿಕಿತ್ಸೆ ಒಟ್ಟಿಗೇ ನಡೆಯಬೇಕು.

ಪೊಟ್ಯಾಸಿಯಂ ನಿಜವಾಗಿಯೂ ಹೆಚ್ಚಿದೆ

ಹೊರಗೆ ಹೋಗುವ ದಾರಿಯನ್ನು ಮೊದಲು ನೋಡಿ. ಮೂತ್ರ ಎಷ್ಟು ಬಂದಿದೆ? ಕ್ಯಾಥಿಟರ್ ಇದ್ದರೆ ನಳಿಗೆ ಮಡಚಿಕೊಂಡಿದೆಯಾ, ರೋಗಿಯ ತೊಡೆಯ ಕೆಳಗೆ ಸಿಕ್ಕಿದೆಯಾ, ಹೆಪ್ಪಿನಿಂದ ಕಟ್ಟಿದೆಯಾ ನೋಡಿ, ಕೆಳಹೊಟ್ಟೆ ಮುಟ್ಟಿ ನೋಡಿ. ತುಂಬಿ ನಿಂತ ಮೂತ್ರಕೋಶ ಕಿಡ್ನಿಯನ್ನು ಕೆಡಿಸಿ ಪೊಟ್ಯಾಸಿಯಂ ಏರಿಸುತ್ತದೆ. ಅದನ್ನು ಕಂಡುಹಿಡಿಯಲು ಯಾವ ಸ್ಕ್ಯಾನೂ ಬೇಡ, ಕೈ ಸಾಕು. ಡಯಾಲಿಸಿಸ್ ರೋಗಿಯಾದರೆ ಕೊನೆಯ ಡಯಾಲಿಸಿಸ್ ಯಾವತ್ತು ಎಂದು ಕೇಳಿ, ಮಲಬದ್ಧತೆಯನ್ನೂ ಕೇಳಿ. ಕಿಡ್ನಿ ಕೈಬಿಟ್ಟವರಲ್ಲಿ ಪೊಟ್ಯಾಸಿಯಂನ ಗಣನೀಯ ಪಾಲು ಕರುಳಿನ ಮೂಲಕ ಹೋಗುತ್ತದೆ; ಹೊಟ್ಟೆ ಕಟ್ಟಿದರೆ ಆ ದಾರಿಯೂ ಬಂದ್.

ಆಮೇಲೆ ಔಷಧಿ ಚಾರ್ಟು. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ಅಥವಾ ಎನಲಾಪ್ರಿಲ್, ಟೆಲ್ಮಿಸಾರ್ಟನ್ ಅಥವಾ ಲೊಸಾರ್ಟನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ಕೋ-ಟ್ರೈಮಾಕ್ಸಜೋಲ್, ಹೆಪಾರಿನ್ ಇವೆಲ್ಲ ಪೊಟ್ಯಾಸಿಯಂ ಏರಿಸುತ್ತವೆ. ಮೊನ್ನೆ ಪೊಟ್ಯಾಸಿಯಂ ಕಡಿಮೆಯಿದ್ದಾಗ ಬರೆದ ಕೆಸಿಎಲ್ ಸಿರಪ್ ಇನ್ನೂ ನಡೆಯುತ್ತಿರಬಹುದು. ಚಾರ್ಟಿನಲ್ಲಿ ನಿಲ್ಲಿಸಿ ಎಂದು ಯಾರೂ ಬರೆಯದ ಔಷಧಿ ತಾನಾಗಿ ನಿಲ್ಲುವುದಿಲ್ಲ.

ಈಗ ಊಟ. ಇದನ್ನು ನಾವು ಕೇಳದಿದ್ದರೆ ಯಾರೂ ಕೇಳುವುದಿಲ್ಲ. ನಮ್ಮ ಕಡೆ ಆಸ್ಪತ್ರೆಗೆ ನೋಡಲು ಬರುವವರ ಕೈಯಲ್ಲಿ ಎಳನೀರು ಇದ್ದೇ ಇರುತ್ತದೆ. ಪ್ರೀತಿಯಿಂದ ತಂದದ್ದು, ಬೇಡ ಎನ್ನುವುದು ಕಷ್ಟ. ಎಳನೀರಿನ 100 ಮಿ.ಲೀ.ಗೆ ಪೊಟ್ಯಾಸಿಯಂ ಸುಮಾರು 200ರಿಂದ 250 ಮಿಲಿಗ್ರಾಂ. ದಿನಕ್ಕೆ ಎರಡು ಮೂರು ಕಾಯಿ ಕುಡಿದರೆ ಕಿಡ್ನಿ ರೋಗಿಗೆ ಅದು ದೊಡ್ಡ ಡೋಸು. ಬಿಪಿಗೆ ಒಳ್ಳೆಯದೆಂದು ಮಾರುವ «ಕಡಿಮೆ ಸೋಡಿಯಂ» ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಪ್ಯಾಕೆಟ್ ತರಲು ಹೇಳಿ, ಓದಿ ನೋಡಿ. ತರಕಾರಿ, ಸೊಪ್ಪು, ಬೇಳೆಯನ್ನು ಸಣ್ಣಗೆ ಹೆಚ್ಚಿ ಹೆಚ್ಚು ನೀರಿನಲ್ಲಿ ಬೇಯಿಸಿ ನೀರು ಬಸಿದರೆ ಪೊಟ್ಯಾಸಿಯಂ ಸಾಕಷ್ಟು ಕಡಿಮೆಯಾಗುತ್ತದೆ ಎಂದು ಡಯಟ್ ಹಾಳೆಯಲ್ಲಿ ಬರೆದಿರುತ್ತದೆ. ಹಳೇ ಮೈಸೂರು ಕಡೆಯ ಮನೆಯಲ್ಲಿ ಆ ಬಸಿದ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ, ಅದರಲ್ಲೇ ಬಸ್ಸಾರು ಮಾಡುತ್ತಾರೆ. ಕಾಳು-ಸೊಪ್ಪಿನಿಂದ ಹೊರಬಂದ ಪೊಟ್ಯಾಸಿಯಂ ಪೂರ್ತಿ ಮುದ್ದೆಯ ಜೊತೆ ಹೊಟ್ಟೆಗೆ ವಾಪಸು. «ಬಸಿದು ತಿನ್ನಿ» ಎಂದಷ್ಟೇ ಹೇಳಿದರೆ ಸಾಲದು; «ಕಟ್ಟು ಚೆಲ್ಲಿ, ಬಸ್ಸಾರು ಸದ್ಯಕ್ಕೆ ಬೇಡ» ಎಂದೇ ಹೇಳಬೇಕು.

ಚಿಕಿತ್ಸೆ ಶುರುವಾದಾಗ ಎಡವುವ ಜಾಗಗಳು ಕೆಲವಿವೆ. ಕ್ಯಾಲ್ಸಿಯಂ ಗ್ಲುಕೊನೇಟ್ 10% ಕೊಟ್ಟರೆ ಹೃದಯಕ್ಕೆ ರಕ್ಷಣೆ ಸಿಗುತ್ತದೆ, ಪೊಟ್ಯಾಸಿಯಂ ಒಂದಿಷ್ಟೂ ಇಳಿಯುವುದಿಲ್ಲ. ಅದರ ಪರಿಣಾಮ 30ರಿಂದ 60 ನಿಮಿಷ ಮಾತ್ರ. ಮಾನಿಟರ್ ನೋಡುತ್ತಾ ನಿಧಾನವಾಗಿ ಕೊಡಿ, ಕ್ಯಾನುಲಾ ನರದಲ್ಲೇ ಇದೆಯೆಂದು ಖಚಿತ ಮಾಡಿಕೊಳ್ಳಿ, ಸೋಡಿಯಂ ಬೈಕಾರ್ಬೊನೇಟ್ ಹೋಗುವ ಲೈನಿನಲ್ಲಿ ಕೊಡಬೇಡಿ. ಗಟ್ಟಿಯಾಗಿ ಲೈನ್ ಕಟ್ಟಿಕೊಳ್ಳುತ್ತದೆ.

ಇನ್ಸುಲಿನ್-ಡೆಕ್ಸ್‌ಟ್ರೋಸ್ ಆರ್ಡರ್ ಸಾಮಾನ್ಯವಾಗಿ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್, 25 ಗ್ರಾಂ ಡೆಕ್ಸ್‌ಟ್ರೋಸ್. 25% ಡೆಕ್ಸ್‌ಟ್ರೋಸ್ ಆದರೆ 100 ಮಿ.ಲೀ. ಇಲ್ಲಿ ನಮ್ಮ ದೇಶದ್ದೇ ಒಂದು ಅಪಾಯ ಇದೆ. ಇನ್ಸುಲಿನ್ ವಯಲ್ ಮಿ.ಲೀ.ಗೆ 40 ಯೂನಿಟ್‌ನದೂ ಸಿಗುತ್ತದೆ, 100 ಯೂನಿಟ್‌ನದೂ ಸಿಗುತ್ತದೆ. ಸಿರಿಂಜೂ ಎರಡು ಥರ. 100ರ ವಯಲನ್ನು 40ರ ಸಿರಿಂಜಿನಲ್ಲಿ 10ರ ಗೆರೆ ತನಕ ಎಳೆದರೆ ಹೋಗುವುದು 25 ಯೂನಿಟ್. ವಯಲ್ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಒಂದೇ ಇದೆಯೇ ಎಂದು ಇಬ್ಬರು ನೋಡಿ. ಸರಿಯಾದ ಡೋಸ್ ಕೊಟ್ಟರೂ ಸಕ್ಕರೆ ಬೀಳುವುದು ಸಾಮಾನ್ಯ, ಕಿಡ್ನಿ ರೋಗಿಯಲ್ಲಿ ಇನ್ನೂ ಹೆಚ್ಚು, ಏಕೆಂದರೆ ಇನ್ಸುಲಿನ್ ಅವರಲ್ಲಿ ಬೇಗ ಕರಗುವುದಿಲ್ಲ. ಮುಂದಿನ 6 ಗಂಟೆ ಗಂಟೆಗೊಮ್ಮೆ ಜಿಆರ್‌ಬಿಎಸ್ ಬೇಕು.

ಇನ್ಸುಲಿನ್ ಮತ್ತು ಸಾಲ್ಬುಟಮಾಲ್ ನೆಬ್ಯುಲೈಸೇಷನ್ ಪೊಟ್ಯಾಸಿಯಂ ಅನ್ನು ಕೋಶದೊಳಕ್ಕೆ ತಳ್ಳುತ್ತವೆ, ದೇಹದಿಂದ ಹೊರಹಾಕುವುದಿಲ್ಲ. 4ರಿಂದ 6 ಗಂಟೆಯಲ್ಲಿ ಮತ್ತೆ ಏರುತ್ತದೆ. ಎರಡು ಗಂಟೆಗೆ ತೆಗೆದ ರಿಪೀಟ್ ಚೆನ್ನಾಗಿ ಬಂತೆಂದು ಬೆಳಗಿನ ತನಕ ಬಿಟ್ಟರೆ ಆ ಏರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪೊಟ್ಯಾಸಿಯಂ ಕಡಿಮೆ, ಎಷ್ಟು ಕೊಟ್ಟರೂ ಏರುತ್ತಿಲ್ಲ

ವಾಂತಿ, ಭೇದಿ, ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್, ಊಟವಿಲ್ಲದ ದಿನಗಳು. ಕಾರಣ ಸಾಮಾನ್ಯವಾಗಿ ಕಣ್ಣೆದುರೇ ಇರುತ್ತದೆ. ಕಷ್ಟ ಶುರುವಾಗುವುದು ಎರಡು ದಿನ ಕೆಸಿಎಲ್ ಹಾಕಿದರೂ ವರದಿ 2.6ರಲ್ಲೇ ನಿಂತಾಗ. ಒಂದೊಂದಾಗಿ ನೋಡೋಣ.

ಬರೆದದ್ದು ನಿಜವಾಗಿ ಹೋಗಿದೆಯೇ? ಕೆಸಿಎಲ್ ನರದಲ್ಲಿ ಉರಿಯುತ್ತದೆ. ಉರಿ ತಾಳಲಾರದೆ ರೋಗಿಯೋ ಜೊತೆಗಿರುವವರೋ ರೋಲರ್ ಕ್ಲಾಂಪ್ ಮುಚ್ಚಿಬಿಡುತ್ತಾರೆ. ಚಾರ್ಟಿನಲ್ಲಿ ಬಾಟಲಿ ಹೋಗಿದೆ, ಸ್ಟ್ಯಾಂಡಿನಲ್ಲಿ ಮುಕ್ಕಾಲು ಉಳಿದಿದೆ. ಸಿರಪ್ ಆದರೆ ಕುಡಿದ ಹತ್ತು ನಿಮಿಷಕ್ಕೆ ವಾಂತಿಯಾಯಿತಾ ಕೇಳಿ. ನೀರು ಅಥವಾ ಜ್ಯೂಸಿನಲ್ಲಿ ತೆಳು ಮಾಡಿ ಊಟದ ನಂತರ ಕೊಟ್ಟರೆ ಹೆಚ್ಚಿನವರಿಗೆ ದಕ್ಕುತ್ತದೆ.

ಯಾವುದರಲ್ಲಿ ಬೆರೆಸಿದ್ದೀರಿ? ಡೆಕ್ಸ್‌ಟ್ರೋಸಿನಲ್ಲಿ ಬೆರೆಸಿದರೆ ಸಕ್ಕರೆಗೆ ದೇಹ ಇನ್ಸುಲಿನ್ ಬಿಡುತ್ತದೆ, ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಕೋಶದೊಳಕ್ಕೆ ಒಯ್ಯುತ್ತದೆ. ಕೊಟ್ಟ ಕೈಯಲ್ಲೇ ಕಿತ್ತುಕೊಂಡ ಹಾಗೆ. ನಾರ್ಮಲ್ ಸಲೈನಿನಲ್ಲಿ ಬೆರೆಸಬಹುದೇ ಎಂದು ಡಾಕ್ಟರನ್ನು ಕೇಳಿ. ಉಬ್ಬಸಕ್ಕೆಂದು ನಾಲ್ಕು ಗಂಟೆಗೊಮ್ಮೆ ಸಾಲ್ಬುಟಮಾಲ್ ನಡೆಯುತ್ತಿದ್ದರೆ ಅದನ್ನೂ ಗಮನಕ್ಕೆ ತನ್ನಿ.

ಮೆಗ್ನೀಸಿಯಂ ನೋಡಿದ್ದಾರೆಯೇ? ಪದೇ ಪದೇ ತಪ್ಪಿಹೋಗುವ ಉತ್ತರ ಇದು. ಮೆಗ್ನೀಸಿಯಂ ಕಡಿಮೆಯಾದರೆ ಕಿಡ್ನಿಯ ನಾಳಗಳಲ್ಲಿ ಪೊಟ್ಯಾಸಿಯಂ ಹೊರಬಿಡುವ ದ್ವಾರಗಳಿಗೆ ತಡೆ ಇಲ್ಲದಂತಾಗುತ್ತದೆ, ಕೊಟ್ಟದ್ದೆಲ್ಲ ಮೂತ್ರದಲ್ಲಿ ಹೋಗುತ್ತದೆ. ಮದ್ಯ ಕುಡಿಯುವವರು, ತುಂಬಾ ದಿನದ ಭೇದಿ, ಫ್ಯೂರೊಸೆಮೈಡ್ ತೆಗೆದುಕೊಳ್ಳುವವರು, ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ನುಂಗಿದವರು ಇದ್ದರೆ ಹಠ ಹಿಡಿದು ಮೆಗ್ನೀಸಿಯಂ ಪರೀಕ್ಷೆ ಕೇಳಿ. ಸಾಮಾನ್ಯ ಎಲೆಕ್ಟ್ರೋಲೈಟ್ ಪ್ಯಾನೆಲ್ಲಿನಲ್ಲಿ ಅದು ಇರುವುದಿಲ್ಲ, ಬೇರೆಯಾಗಿಯೇ ಬರೆಸಬೇಕು.

ಕೊರತೆಯ ಗಾತ್ರವೂ ಗೊತ್ತಿರಲಿ. ಪೊಟ್ಯಾಸಿಯಂ 3ಕ್ಕಿಂತ ಕೆಳಗಿದ್ದರೆ ದೇಹದ ಒಟ್ಟು ಕೊರತೆ 200 ಮಿಲಿಮೋಲ್ ದಾಟಿರಬಹುದು. ನಮ್ಮಲ್ಲಿ ಸಿಗುವ 15% ಕೆಸಿಎಲ್‌ನ 10 ಮಿ.ಲೀ. ಆಂಪೂಲಿನಲ್ಲಿರುವುದು 20 ಮಿಲಿಮೋಲ್. ಒಂದೆರಡು ಆಂಪೂಲಿಗೆ ಅದು ತುಂಬುವಂಥದ್ದಲ್ಲ.

ಆದರೆ ಅವಸರಕ್ಕೆ ಇಲ್ಲಿ ಜಾಗವಿಲ್ಲ. ಕೆಸಿಎಲ್ ಆಂಪೂಲನ್ನು ನೇರವಾಗಿ ನರಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಇದಕ್ಕೆ ವಿನಾಯಿತಿ ಇಲ್ಲ. ಕೈಯ ನರದಲ್ಲಿ ಗಂಟೆಗೆ 10 ಮಿಲಿಮೋಲ್, ಲೀಟರಿಗೆ 40 ಮಿಲಿಮೋಲ್ ಎಂಬುದು ಸಾಮಾನ್ಯ ಮಿತಿ. 500 ಮಿ.ಲೀ. ಸಲೈನಿಗೆ ಒಂದು ಆಂಪೂಲ್ ಎಂದರೆ ಆ ಮಿತಿಗೆ ಸರಿಹೋಯಿತು; ಆ ಬಾಟಲಿ 2 ಗಂಟೆಗಿಂತ ಬೇಗ ಮುಗಿಯಕೂಡದು. ಅದಕ್ಕಿಂತ ವೇಗ ಬೇಕಿದ್ದರೆ ಸೆಂಟ್ರಲ್ ಲೈನ್, ಮಾನಿಟರ್, ಐಸಿಯು. ನೇತುಹಾಕಿದ ಬಾಟಲಿಗೆ ಕೆಸಿಎಲ್ ಚುಚ್ಚಬೇಡಿ. ಭಾರವಾದ ದ್ರಾವಣ ತಳದಲ್ಲಿ ನಿಂತು ಮೊದಲ ಕೆಲವು ನಿಮಿಷದಲ್ಲೇ ಗಟ್ಟಿಯಾಗಿ ನರಕ್ಕೆ ಇಳಿಯುತ್ತದೆ. ಬಾಟಲಿ ಕೆಳಗಿಳಿಸಿ, ಬೆರೆಸಿ, ಹಲವು ಸಲ ತಲೆಕೆಳಗು ಮಾಡಿ, ಲೇಬಲ್ ಬರೆದು, ಆಮೇಲೆ ಹಾಕಿ. ಮೂತ್ರ ಬರುತ್ತಿದೆಯೇ ಎಂದು ಮೊದಲೇ ನೋಡಿಕೊಂಡಿರಬೇಕು.

ಡಯಾಬಿಟಿಕ್ ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತ ಆಮ್ಲವಾಗುವ ಸ್ಥಿತಿ) ರೋಗಿಯಲ್ಲಿ ದಾಖಲಾದಾಗಿನ ಪೊಟ್ಯಾಸಿಯಂ ಸರಿಯಾಗಿ ಕಂಡರೂ ಒಳಗೆ ಕೊರತೆ ಇರುತ್ತದೆ. ಇನ್ಸುಲಿನ್ ಶುರುವಾದ ಕೂಡಲೇ ಅದು ಬೀಳುತ್ತದೆ. 3.3ಕ್ಕಿಂತ ಕಡಿಮೆ ಇದ್ದರೆ ಮೊದಲು ಪೊಟ್ಯಾಸಿಯಂ, ಆಮೇಲೆ ಇನ್ಸುಲಿನ್. ಆರ್ಡರ್ ಉಲ್ಟಾ ಬಂದರೆ ಕೇಳುವ ಹಕ್ಕು ನಿಮಗಿದೆ.

ಸೋಡಿಯಂ: ಉಪ್ಪಿಗಿಂತ ನೀರಿನ ಲೆಕ್ಕ

ಸೋಡಿಯಂ ಕಡಿಮೆ ಬಂದರೆ ಉಪ್ಪು ಸಾಲದು ಎಂದು ಎಲ್ಲರಿಗೂ ಅನ್ನಿಸುತ್ತದೆ. ಹೆಚ್ಚಿನ ಸಲ ನೀರು ಹೆಚ್ಚಾಗಿರುತ್ತದೆ, ಅಥವಾ ನೀರು ಹೊರಹೋಗದಂತೆ ಏನೋ ಹಿಡಿದಿರುತ್ತದೆ. ಮೊದಲು ಸಕ್ಕರೆ ನೋಡಿ: ರಕ್ತದ ಸಕ್ಕರೆ 100 ಮಿಲಿಗ್ರಾಂ ಏರಿದರೆ ಸೋಡಿಯಂ ಸುಮಾರು 1.6ರಿಂದ 2.4ರಷ್ಟು ಇಳಿದು ಕಾಣುತ್ತದೆ. ಸಕ್ಕರೆ 600 ಇರುವವರ ಸೋಡಿಯಂ 126 ಎಂದರೆ ಬೇರೆ ಕಥೆ, ಅದು ನಿಜವಾಗಿ ಅಷ್ಟು ಇಳಿದಿಲ್ಲ.

ನಮ್ಮ ವಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವ ರೋಗಿಯನ್ನು ನೆನಪಿಸಿಕೊಳ್ಳಿ. ವಯಸ್ಸಾದ ಹೆಂಗಸು, ಬಿಪಿಗೆ ಹೈಡ್ರೊಕ್ಲೋರೊಥಯಜೈಡ್ ಅಥವಾ ಕ್ಲೋರ್‌ಥಲಿಡೋನ್ ಇರುವ ಮಾತ್ರೆ, «ಉಪ್ಪು ಬಿಡಿ» ಎಂದ ಸಲಹೆಯನ್ನು ಅಕ್ಷರಶಃ ಪಾಲಿಸಿದವರು, ಹಲ್ಲಿಲ್ಲದೆ ಗಂಜಿಯಲ್ಲೇ ದಿನ ಕಳೆಯುವವರು. ಸಾರು, ಬೇಳೆ, ಮೊಟ್ಟೆ ಹೊಟ್ಟೆಗೆ ಹೋಗದಿದ್ದರೆ ಕಿಡ್ನಿ ನೀರನ್ನು ಹೊರಹಾಕಲು ಬೇಕಾದ ಲವಣ ಮತ್ತು ಯೂರಿಯಾ ಕೂಡ ಇರುವುದಿಲ್ಲ. ಒಂದು ಜ್ವರ, ಎರಡು ದಿನ ವಾಂತಿ, ಸೋಡಿಯಂ 115. ಇವರಲ್ಲಿ ಮಾತ್ರೆಯ ಹಾಳೆ ಓದುವುದೇ ಅರ್ಧ ರೋಗನಿರ್ಣಯ. ಆಪರೇಷನ್ ಆದವರಲ್ಲಿ ನೋವು ಮತ್ತು ವಾಕರಿಕೆಯೇ ನೀರನ್ನು ಹಿಡಿದಿಡುವ ಹಾರ್ಮೋನು ಹೆಚ್ಚಿಸುತ್ತವೆ. ಅವರಿಗೆ 5% ಡೆಕ್ಸ್‌ಟ್ರೋಸ್ ಬಾಟಲಿ ಮೇಲೆ ಬಾಟಲಿ ಹೋಗುತ್ತಿದ್ದರೆ ಡಾಕ್ಟರಿಗೆ ನೆನಪಿಸಿ.

ಫಿಟ್ಸ್ ಅಥವಾ ಎಚ್ಚರ ತಪ್ಪಿದ್ದರೆ 3% ಸಲೈನ್ 100–150 ಮಿ.ಲೀ. ಬೇಗ ಕೊಡಲು ಹೇಳಬಹುದು; ಅದು ಸರಿ. ಆಮೇಲಿನ 24 ಗಂಟೆಯದೇ ದೊಡ್ಡ ಕಾವಲು. ಒಂದು ದಿನದಲ್ಲಿ 8ರಿಂದ 10 ಮಿಲಿಮೋಲ್‌ಗಿಂತ ಹೆಚ್ಚು ಏರಿದರೆ ಮಿದುಳಿನ ನರತಂತುಗಳ ಹೊದಿಕೆ ಹಾಳಾಗಬಹುದು. ಕೆಲವು ದಿನಗಳ ನಂತರ ಮಾತು, ನುಂಗುವಿಕೆ, ಕೈಕಾಲು ಹೋಗಿ ಕಾಣಿಸಿಕೊಳ್ಳುವ ಆ ಹಾನಿ ವಾಪಸು ಬರದೆಯೂ ಇರಬಹುದು. ಮಿತಿ ಮೀರುವ ಮೊದಲ ಸೂಚನೆ ಯೂರಿನ್ ಬ್ಯಾಗಿನಲ್ಲಿ ಬರುತ್ತದೆ. ಗಂಟೆಗೆ 40 ಮಿ.ಲೀ. ಇದ್ದದ್ದು ತಟ್ಟನೆ 100 ದಾಟಿ ತಿಳಿಯಾಗಿ ಹರಿಯಲು ಶುರುವಾದರೆ ದೇಹ ನೀರನ್ನು ಬಿಡುಗಡೆ ಮಾಡುತ್ತಿದೆ, ಸೋಡಿಯಂ ತಾನೇ ಜಿಗಿಯಲಿದೆ. ಮುಂದಿನ ಸ್ಯಾಂಪಲ್ ಹೊತ್ತಿಗೆ ಕಾಯದೆ ಆಗಲೇ ಫೋನ್ ಮಾಡಿ. ಜೊತೆಗೆ ಕೆಸಿಎಲ್ ಹೋಗುತ್ತಿದ್ದರೆ ಅದೂ ಸೋಡಿಯಂ ಏರಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಸೋಡಿಯಂ ಹೆಚ್ಚಾಗುವುದು ನೀರು ಕೇಳಲಾಗದವರಲ್ಲಿ. ಪಾರ್ಶ್ವವಾಯುವಾಗಿ ಮಲಗಿದವರು, ರೈಲ್ಸ್ ಟ್ಯೂಬಿನಲ್ಲಿ ಫೀಡ್ ಪಡೆಯುವವರು, ಜ್ವರದಲ್ಲಿ ಬೆವರುವವರು. ಫೀಡ್ ಚಾರ್ಟಿನಲ್ಲಿ ಹಾಲು, ರಾಗಿ ಗಂಜಿ, ಪ್ರೋಟೀನ್ ಪೌಡರ್ ಎಲ್ಲ ಇರುತ್ತದೆ. ಬರೀ ನೀರು ಎಷ್ಟು ಹೋಯಿತು ಎಂದು ಕೂಡಿಸಿ ನೋಡಿ. ಸಾಮಾನ್ಯವಾಗಿ ದಿನಕ್ಕೆ ಕೆಜಿಗೆ 30–35 ಮಿ.ಲೀ. ದ್ರವ ಬೇಕು, ಜ್ವರ ಭೇದಿ ಇದ್ದರೆ ಇನ್ನೂ ಹೆಚ್ಚು. ಫೀಡ್ ನಂತರದ ಫ್ಲಶ್ ನೀರು ಬರೆಯದೇ ಹೋದರೆ ಲೆಕ್ಕ ತಪ್ಪುತ್ತದೆ, ಕೊಡದೇ ಹೋದರೆ ರೋಗಿ ಒಣಗುತ್ತಾರೆ.

ಭೇದಿಯಾಗಿ ಬಂದವರ ಸೋಡಿಯಂ ಹೆಚ್ಚಿದ್ದರೆ ಮನೆಯಲ್ಲಿ ಓಆರ್‌ಎಸ್ ಹೇಗೆ ಕಲಸಿದರು ಎಂದು ಕೇಳಲೇಬೇಕು. ದೊಡ್ಡ ಸ್ಯಾಷೆ ಒಂದು ಲೀಟರಿಗೆ. ಅದನ್ನು ಒಂದು ಲೋಟಕ್ಕೆ ಹಾಕಿ ಕುಡಿಸಿದರೆ ಔಷಧಿಯೇ ವಿಷ. ಸರಿಯಾಗಿ ಕಲಸಿದ ಡಬ್ಲ್ಯುಎಚ್ಒ ಓಆರ್‌ಎಸ್‌ನಲ್ಲಿ ಲೀಟರಿಗೆ ಸೋಡಿಯಂ 75, ಪೊಟ್ಯಾಸಿಯಂ 20, ಗ್ಲೂಕೋಸ್ 75 ಮಿಲಿಮೋಲ್. ಮೆಡಿಕಲ್ ಶಾಪಿನ ಟೆಟ್ರಾ ಪ್ಯಾಕಿನ ಸಿಹಿ ಪೇಯಗಳು ಬೇರೆ. ಅವುಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಸಲೈನ್ ಮುಗಿದಾಗ ಉಪ್ಪು-ಗ್ಲೂಕೋಸ್ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ಶೇ. 30ರ ಹತ್ತಿರವಿದ್ದ ಕಾಲರಾ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅಳತೆ ಸರಿಯಿದ್ದರೆ ಮನೆಯವರೇ ಕುಡಿಸಿ ಜೀವ ಉಳಿಸಬಲ್ಲರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಡಿಸ್ಚಾರ್ಜ್ ಹೊತ್ತಿಗೆ ಲೀಟರಿನ ಬಾಟಲಿ ಹಿಡಿದು ತೋರಿಸಿಯೇ ಕಳಿಸಿ.

ಊಟ ಶುರುವಾದ ಮೇಲೆ ಹದಗೆಟ್ಟ ರೋಗಿ

ವಾರಗಟ್ಟಲೆ ಊಟವಿಲ್ಲದೆ ಬಂದವರು. ಅನ್ನನಾಳದ ಕ್ಯಾನ್ಸರ್, ಮದ್ಯ, ಒಂಟಿ ಮುಪ್ಪು, ತೂಕ ಕರಗಿಸಿದ ಟಿಬಿ. ಟ್ಯೂಬ್ ಹಾಕಿ ಚೆನ್ನಾಗಿ ಫೀಡ್ ಕೊಟ್ಟಿರಿ. ಎರಡು ಮೂರು ದಿನದಲ್ಲಿ ಕಾಲು ಊದಿತು, ನಾಡಿ ಓಡಿತು, ಉಸಿರು ಕಷ್ಟವಾಯಿತು, ಮಂಕಾದರು. ಸೋಂಕು ಎಂದು ಆಂಟಿಬಯೋಟಿಕ್ ಬದಲಾಗುತ್ತದೆ. ಫಾಸ್ಫೇಟ್ ಯಾರೂ ನೋಡಿರುವುದಿಲ್ಲ.

ಇದು ರಿಫೀಡಿಂಗ್ ಸಿಂಡ್ರೋಮ್. ಉಪವಾಸದಲ್ಲಿ ಕೊಬ್ಬು ಸುಟ್ಟು ಬದುಕುತ್ತಿದ್ದ ದೇಹಕ್ಕೆ ಗಂಜಿ, ಸಕ್ಕರೆ ಬಿದ್ದ ಕೂಡಲೇ ಇನ್ಸುಲಿನ್ ಏರುತ್ತದೆ. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರೂ ಕೋಶದೊಳಗೆ ನುಗ್ಗುತ್ತವೆ, ರಕ್ತದಲ್ಲಿ ಬರಿದಾಗುತ್ತವೆ. ಮೊದಲೇ ಖಾಲಿಯಾಗಿದ್ದ ಥಯಾಮಿನ್ (ವಿಟಮಿನ್ ಬಿ1) ಪೂರ್ತಿ ಮುಗಿಯುತ್ತದೆ. ಫಾಸ್ಫೇಟ್ ಇಲ್ಲದೆ ಉಸಿರಾಟದ ಸ್ನಾಯು, ಹೃದಯ ಎರಡೂ ಸೋಲುತ್ತವೆ.

ಇದರಲ್ಲಿ ನರ್ಸಿನ ಜಾಗ ಫೀಡ್ ಶುರುವಾಗುವ ಮೊದಲೇ ಇದೆ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ 2006ರಲ್ಲೇ ಪಟ್ಟಿ ಕೊಟ್ಟಿದೆ: ಬಿಎಂಐ 16ಕ್ಕಿಂತ ಕಡಿಮೆ, 3–6 ತಿಂಗಳಲ್ಲಿ ಶೇ. 15ಕ್ಕಿಂತ ಹೆಚ್ಚು ತೂಕ ಇಳಿಕೆ, 10 ದಿನಕ್ಕಿಂತ ಹೆಚ್ಚು ಊಟ ಇಲ್ಲ ಅಥವಾ ಇಲ್ಲವೆಂಬಷ್ಟು ಕಡಿಮೆ, ಫೀಡ್‌ಗೂ ಮೊದಲೇ ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ ಕಡಿಮೆ. ಒಂದಿದ್ದರೂ ಅಪಾಯ. ತೂಕ ಹಾಕಿ, ಎತ್ತರ ಅಳೆದು, «ಕೊನೆಯ ಸಲ ಹೊಟ್ಟೆ ತುಂಬ ಊಟ ಮಾಡಿದ್ದು ಯಾವಾಗ» ಎಂದು ಕೇಳಿದರೆ ಪಟ್ಟಿಯ ಮುಕ್ಕಾಲು ಭಾಗ ತುಂಬುತ್ತದೆ. ಹೀಗಿರುವವರಿಗೆ ಮೊದಲ ದಿನ ಕೆಜಿಗೆ 10 ಕಿಲೋಕ್ಯಾಲರಿಯಷ್ಟೇ ಎನ್ನುತ್ತದೆ ಆ ಮಾರ್ಗಸೂಚಿ. 40 ಕೆಜಿಯವರಿಗೆ 400. ಮೇಲೇರಿಸುವುದು 4ರಿಂದ 7 ದಿನದಲ್ಲಿ, ಹಂತ ಹಂತವಾಗಿ. ಥಯಾಮಿನ್ ಮೊದಲು, ಡೆಕ್ಸ್‌ಟ್ರೋಸ್ ಮತ್ತು ಫೀಡ್ ಆಮೇಲೆ. ಡ್ರಿಪ್ಪಿನ ಡೆಕ್ಸ್‌ಟ್ರೋಸ್ ಕೂಡ ಊಟವೇ ಎಂಬುದು ಇಲ್ಲಿ ಮರೆಯುವ ಮಾತಲ್ಲ.

ಮನೆಯವರಿಗೆ ಇದನ್ನು ಹೇಳುವುದು ಕಷ್ಟ. ಸೊರಗಿದ ಮಗನಿಗೆ ತಾಯಿ ಕದ್ದುಮುಚ್ಚಿ ಇನ್ನೊಂದು ಲೋಟ ಹಾಲು ಟ್ಯೂಬಿಗೆ ಬಿಡುತ್ತಾಳೆ. ಗದರಬೇಡಿ, ಕೂರಿಸಿ ವಿವರಿಸಿ: ಊಟ ಬೇಡ ಎನ್ನುತ್ತಿಲ್ಲ, ನಾಲ್ಕು ದಿನ ನಿಧಾನ ಎನ್ನುತ್ತಿದ್ದೇವೆ. ಟಿಬಿ ರೋಗಿಗೆ ಊಟವೇ ಔಷಧಿಯಷ್ಟು ಮುಖ್ಯ ಎನ್ನುವುದನ್ನು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ರೇಷನ್ಸ್ ಅಧ್ಯಯನ ತೋರಿಸಿದೆ: ತೂಕ ಏರಿದವರಲ್ಲಿ ಸಾವು ಕಡಿಮೆ. ಹಾಗಾಗಿ ಫಾಸ್ಫೇಟ್ ಬಿತ್ತೆಂದು ಫೀಡ್ ಪೂರ್ತಿ ನಿಲ್ಲಿಸಿ ಮರೆತುಬಿಡುವುದೂ ದೋಷವೇ. ಪ್ರಮಾಣ ತಗ್ಗಿಸಿ, ಕೊರತೆ ತುಂಬಿಸಿ, ಮತ್ತೆ ಏರಿಸಬೇಕು.

ಕ್ಯಾಲ್ಸಿಯಂ

ಚಿಕ್ಕ ಮಾತು. ಕಡಿಮೆ ಬಂದರೆ ಆಲ್ಬುಮಿನ್ (ರಕ್ತದ ಪ್ರೋಟೀನ್) ನೋಡಿ. ಆಲ್ಬುಮಿನ್ 4ಕ್ಕಿಂತ ಪ್ರತಿ 1 ಗ್ರಾಂ ಇಳಿದಾಗ ಕ್ಯಾಲ್ಸಿಯಂಗೆ 0.8 ಕೂಡಿಸಬೇಕು. ಥೈರಾಯ್ಡ್ ಆಪರೇಷನ್ ಆದವರು ತುಟಿ ಸುತ್ತ, ಬೆರಳ ತುದಿ ಜುಮ್ಮೆನ್ನುತ್ತದೆ ಎಂದರೆ ವರದಿಗೆ ಕಾಯದೆ ತಿಳಿಸಿ. ಬಿಪಿ ಕಫ್ ಉಬ್ಬಿಸಿದಾಗ ಕೈ ಸೆಟೆದು ಮಡಚಿಕೊಂಡರೆ ಅದು ಕಫ್ಫಿನ ನೋವಲ್ಲ, ಕ್ಯಾಲ್ಸಿಯಂ ಕಡಿಮೆಯಾದ ಲಕ್ಷಣ.

ಚಾರ್ಟೇ ತಪ್ಪಿದ್ದರೆ

ಮೇಲಿನ ಎಲ್ಲ ಹುಡುಕಾಟವೂ ಚಾರ್ಟಿನ ಮೇಲೆ ನಿಂತಿದೆ. ಬೆಳಿಗ್ಗೆ ಆರಕ್ಕೆ ಕೂತು ಹಿಂದಿನ ಎಂಟು ಗಂಟೆಯನ್ನು ಅಂದಾಜಿನಲ್ಲಿ ತುಂಬಿದ ಚಾರ್ಟು ಡಾಕ್ಟರನ್ನು ದಾರಿ ತಪ್ಪಿಸುತ್ತದೆ. ಖಾಲಿ ಚಾರ್ಟು ಅಷ್ಟು ಕೆಡುಕು ಮಾಡುವುದಿಲ್ಲ. ಸಾಮಾನ್ಯವಾಗಿ ಬಿಟ್ಟುಹೋಗುವುದು ಇವು: ಆಂಟಿಬಯೋಟಿಕ್ ಕರಗಿಸಿದ 100 ಮಿ.ಲೀ. ಸಲೈನುಗಳು, ಮನೆಯವರು ಕುಡಿಸಿದ ಗಂಜಿ ಕಾಫಿ, ಹಾಸಿಗೆಯಲ್ಲೇ ಆದ ಭೇದಿ, ರೈಲ್ಸ್ ಟ್ಯೂಬಿನಿಂದ ತೆಗೆದದ್ದು, ಡ್ರೈನಿನದು. ಪರೀಕ್ಷಿಸಲು ಸುಲಭದ ದಾರಿ ತೂಕ. ಅದೇ ಯಂತ್ರ, ಅದೇ ಹೊತ್ತು, ಅಂಥದೇ ಬಟ್ಟೆ. ಒಂದು ದಿನದಲ್ಲಿ 1 ಕೆಜಿ ಏರಿದರೆ ಸುಮಾರು ಒಂದು ಲೀಟರ್ ದ್ರವ ಒಳಗೆ ಉಳಿದಿದೆ. ಚಾರ್ಟು ಸಮತೋಲ ಎನ್ನುತ್ತದೆ, ತೂಕ 2 ಕೆಜಿ ಏರಿದೆ. ಆಗ ತೂಕವನ್ನು ನಂಬಿ, ಚಾರ್ಟಿನಲ್ಲಿ ಬಿಟ್ಟದ್ದನ್ನು ಹುಡುಕಿ.

ಫೋನಿನಲ್ಲಿ ಹೇಳುವುದು

«ಸರ್, ಪೊಟ್ಯಾಸಿಯಂ 6.8 ಬಂದಿದೆ» ಎಂದಷ್ಟೇ ಹೇಳಿದರೆ ಆ ಕಡೆಯಿಂದ ಹತ್ತು ಪ್ರಶ್ನೆ ಬರುತ್ತವೆ, ಸಮಯ ಹೋಗುತ್ತದೆ. ಹೀಗೆ ಹೇಳಿ ನೋಡಿ: «ಎಂಟನೇ ಬೆಡ್, ಕಿಡ್ನಿ ರೋಗಿ, ಪೊಟ್ಯಾಸಿಯಂ 6.8, ನಿನ್ನೆ 5.4 ಇತ್ತು. ಸ್ಯಾಂಪಲ್ ಡ್ರಿಪ್ ಇಲ್ಲದ ಕೈಯಿಂದ ತೆಗೆದದ್ದು, ಹಿಮೋಲೈಸ್ ಆಗಿಲ್ಲ. ನಾಡಿ 54, ಇಸಿಜಿಯಲ್ಲಿ ಟಿ ಅಲೆ ಚೂಪಾಗಿದೆ. ರಾತ್ರಿಯಿಂದ ಮೂತ್ರ 80 ಮಿ.ಲೀ., ಕ್ಯಾಥಿಟರ್ ಕಟ್ಟಿಲ್ಲ. ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ನಡೆಯುತ್ತಿವೆ, ಬೆಳಗಿನ ಡೋಸ್ ತಡೆದಿದ್ದೇನೆ. ಸಕ್ಕರೆ 130. ಕ್ಯಾಲ್ಸಿಯಂ ಗ್ಲುಕೊನೇಟ್ ಸಿದ್ಧವಿದೆ. ನೀವು ಬರಬೇಕು.» ಫೋನಿನಲ್ಲಿ ಬಂದ ಆರ್ಡರನ್ನು ಬರೆದುಕೊಂಡು ಅವರಿಗೇ ಓದಿ ಹೇಳಿ, ಸಮಯ ಹಾಕಿ.

ಮುಂದಿನ ಸ್ಯಾಂಪಲ್ ಎಷ್ಟು ಹೊತ್ತಿಗೆ ಎಂದು ಆಗಲೇ ಕೇಳಿ ಬರೆದಿಡಿ: ಹೆಚ್ಚಿದ ಪೊಟ್ಯಾಸಿಯಂಗೆ ಚಿಕಿತ್ಸೆಯಾದ 1–2 ಗಂಟೆಗೆ, ಮತ್ತೆ 4–6 ಗಂಟೆಗೆ, 3% ಸಲೈನ್ ನಡೆಯುವಾಗ 2–4 ಗಂಟೆಗೊಮ್ಮೆ ಸೋಡಿಯಂ, ಸೊರಗಿದವರಿಗೆ ಫೀಡ್ ಶುರುವಾದ ಮೊದಲ ದಿನಗಳಲ್ಲಿ ಕನಿಷ್ಠ ದಿನಕ್ಕೊಮ್ಮೆ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ. ಪಾಳಿ ಬದಲಾಗುವಾಗ ಆ ಹೊತ್ತು, ನಿಲ್ಲಿಸಿದ ಔಷಧಿಯ ಹೆಸರು ಮತ್ತು ಯಾವ ಕೈಯಿಂದ ರಕ್ತ ತೆಗೆಯಬಾರದು ಎಂಬುದನ್ನು ಮಂಚದ ಹತ್ತಿರ ನಿಂತೇ ಹೇಳಿ ಒಪ್ಪಿಸಿ: «ಇವರ ಎಡಗೈಯಲ್ಲಿ ಕೆಸಿಎಲ್ ಹೋಗುತ್ತಿದೆ, ಹನ್ನೊಂದು ಗಂಟೆಯ ಸ್ಯಾಂಪಲ್ ಬಲಗೈಯಿಂದ.»